ರಾಮನವಮಿ ಸಂಗೀತ ಕಛೇರಿಗೆ ಎಷ್ಟು ಕೇಳ್ಬೇಕು, ಅದರಲ್ಲಿ ಹಾಡೋರ ಕೈಗೆ ಉಳಿಯೋದೆಷ್ಟು?

ಪ್ರಶ್ನೆ: ನಾವು ಹಾಸನದವರು. ಮಗಳು ಕರ್ನಾಟಕ ಸಂಗೀತ ಹಾಡ್ತಾಳೆ, ಆಕಾಶವಾಣಿ ಬಿ-ಹೈ ಗ್ರೇಡ್ (ರೇಡಿಯೋದೋರು ಆಡಿಷನ್ ಮಾಡಿ ಕೊಡೋ ದರ್ಜೆ, ಎ ಗ್ರೇಡ್‌ಗಿಂತ ಕೆಳಗಿನದು) ಆಗಿದೆ. ಈ ಸಲ ರಾಮನವಮಿಗೆ ಬೆಂಗಳೂರಲ್ಲಿ ಎರಡು ಕಡೆಯಿಂದ ಕರೆದಿದಾರೆ. ಒಬ್ರು "ಇಡೀ ತಂಡಕ್ಕೆ 12 ಸಾವಿರ" ಅಂದ್ರು. ಇನ್ನೊಬ್ರು "ಸಂಭಾವನೆ ವಿಷಯ ಆಮೇಲೆ ನೋಡೋಣ, ಮೊದ್ಲು ಡೇಟ್ ಕೊಡಿ" ಅಂದ್ರು. ನನ್ನ ತಮ್ಮ ನೋಡಿದ್ರೆ ಫಾರಿನ್ ಫೆಸ್ಟಿವಲ್‌ಗಳಲ್ಲಿ ಒಂದು ಶೋಗೆ ಕೋಟಿಗಟ್ಟಲೆ ಕೊಡ್ತಾರೆ ಅಂತಾನೆ. ನಿಜವಾಗ್ಲೂ ಸಂಗೀತೋತ್ಸವಗಳಲ್ಲಿ ಕಲಾವಿದರಿಗೆ ಎಷ್ಟು ಸಿಗತ್ತೆ? ನಾವು ಎಷ್ಟು ಕೇಳಿದ್ರೆ ಸರಿ?

ಉತ್ತರ: ಮೇಡಂ, ನಾನು ಮೃದಂಗದವನು, ಜೊತೆಗೆ ನಮ್ಮ ಬಡಾವಣೆಯ ರಾಮೋತ್ಸವ ಸಮಿತಿಯಲ್ಲೂ ವರ್ಷಗಳಿಂದ ಇದೀನಿ, ಅಂದ್ರೆ ಕವರ್ ಈಸ್ಕೊಂಡೂ ಗೊತ್ತು, ಕವರ್‌ಗೆ ದುಡ್ಡು ತುಂಬಿಸಿನೂ ಗೊತ್ತು. ಅದಕ್ಕೆ ಎರಡೂ ಕಡೆಯದ್ದು ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಕೋಚೆಲಾ ಫೆಸ್ಟಿವಲ್‌ನಲ್ಲಿ ಪೋಸ್ಟರ್ ಮೇಲ್ಗಡೆ ದಪ್ಪಕ್ಷರದಲ್ಲಿ ಹೆಸರು ಬರೋರಿಗೆ 30-40 ಲಕ್ಷ ಡಾಲರ್ ತನಕ ಕೊಡ್ತಾರೆ ಅಂತ 2017ರಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಆದ್ರೆ ಅದೇ ಪೋಸ್ಟರ್‌ನ ಕೆಳಗಡೆ ಭೂತಗನ್ನಡಿ ಇಟ್ಟು ಓದೋ ಸೈಜಿನ ಹೆಸರುಗಳಿರತ್ತಲ್ಲ, ಅವರಿಗೆ ಸಿಗೋದರಲ್ಲಿ ವ್ಯಾನ್ ಬಾಡಿಗೆ, ರೂಮು, ಮ್ಯಾನೇಜರ್ ಕಮಿಷನ್ ಕಳೆದ್ರೆ ಏನೂ ಉಳಿಯಲ್ಲ ಅನ್ನೋ ಗೋಳು ಅಲ್ಲೂ ಇದೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಅಷ್ಟು ದೊಡ್ಡ ಹೆಸರಾದ್ರೂ ಕಮ್ಮಿ ಕೊಡೋದಕ್ಕೇ ಫೇಮಸ್ಸು, ಪಾಲ್ ಮೆಕಾರ್ಟ್ನಿ, ಕೋಲ್ಡ್‌ಪ್ಲೇ ಅಂಥೋರಿಗೇ ಸುಮಾರು 2 ಲಕ್ಷ ಪೌಂಡ್ ಅಷ್ಟೇ ಕೊಡೋದು, ಅವರ ಮಾಮೂಲಿ ರೇಟಿನ ಹತ್ತರಲ್ಲೊಂದು ಭಾಗನೂ ಆಗಲ್ಲ ಅಂತ ಅದನ್ನ ನಡೆಸೋ ಈವಿಸ್ ಕುಟುಂಬದೋರೇ 2017ರಲ್ಲಿ ಹೇಳಿದ್ರು. ಕಲಾವಿದರು ಆದ್ರೂ ಹೋಗ್ತಾರೆ, ಯಾಕಂದ್ರೆ ಅಲ್ಲಿ ಹಾಡಿದ್ದು ಟಿವಿಲಿ ಬಂದು ಮುಂದಿನ ವರ್ಷದ ಟೂರ್ ಟಿಕೆಟ್ ಖರ್ಚಾಗತ್ತೆ. ನನಗೆ ತುಂಬಾ ಇಷ್ಟವಾದ ಲೆಕ್ಕ ಅಂದ್ರೆ 1967ರ ಮಾಂಟೆರೆ ಪಾಪ್ ಫೆಸ್ಟಿವಲ್‌ದು. ಅದು ದಾನಧರ್ಮಕ್ಕೆ ಅಂತ ಮಾಡಿದ್ದು, ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್ ಎಲ್ಲರೂ ಪುಕ್ಕಟೆ ಬಾರಿಸಿ ಹಾಡಿ ಹೋದ್ರು, ಫೆಸ್ಟಿವಲ್‌ನೋರು ಸಂಭಾವನೆ ಅಂತ ಕೊಟ್ಟಿದ್ದು ಪಂಡಿತ್ ರವಿಶಂಕರ್ ಒಬ್ಬರಿಗೇ, 3,000 ಡಾಲರ್. ಆ ಮಧ್ಯಾಹ್ನ ಪೂರ್ತಿ ಅವರದೇ ಕಛೇರಿ, ಜೊತೆಗೆ ತಬಲಾದಲ್ಲಿ ಅಲ್ಲಾ ರಖಾ. ಮೊದ್ಲೇ ಮಾತಾಡ್ಕೊಂಡಿದ್ರು, ಮಾತಾಡಿದ್ದು ಸಿಕ್ತು. ನಾನು ಈ ಉತ್ತರದಲ್ಲಿ ಹೇಳೋದೆಲ್ಲ ಹೆಚ್ಚು ಕಮ್ಮಿ ಇಷ್ಟೇ.

ಈಗ ನಮ್ಮ ಪೆಂಡಾಲಿಗೆ ಬರೋಣ.

ಮೊದ್ಲು ದುಡ್ಡು ಎಲ್ಲಿಂದ ಬರತ್ತೆ ಅಂತ ತಿಳ್ಕೊಳಿ, ಅದು ಗೊತ್ತಾದ್ರೆ ಎಷ್ಟು ಕೇಳ್ಬಹುದು ಅಂತ ತಾನಾಗೇ ಗೊತ್ತಾಗತ್ತೆ. ಚಾಮರಾಜಪೇಟೆ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರುವಾಗಿದ್ದು, ಕೋಟೆ ಹೈಸ್ಕೂಲ್ ಮೈದಾನದಲ್ಲಿ ಹೆಚ್ಚು ಕಮ್ಮಿ ಒಂದು ತಿಂಗಳು ನಡೆಯತ್ತೆ, ಅಲ್ಲಿ ಟಿಕೆಟ್ ಇದೆ, ಕಂಪನಿ ಬ್ಯಾಂಕುಗಳ ಪ್ರಾಯೋಜಕತ್ವ ಇದೆ, ದೇಶದ ದೊಡ್ಡ ದೊಡ್ಡ ಹೆಸರುಗಳೆಲ್ಲ ಬಂದು ಹಾಡಿರೋ ವೇದಿಕೆ. ಗಾಯನ ಸಮಾಜ 1905ರದ್ದು, ಅದಕ್ಕೆ ಸದಸ್ಯತ್ವ, ಸ್ವಂತ ಸಭಾಂಗಣ ಇದೆ. ಮೈಸೂರಲ್ಲಿ ವಿ.ವಿ. ಮೊಹಲ್ಲಾ 8ನೇ ಕ್ರಾಸ್ ಗಣೇಶೋತ್ಸವ ಅಂದ್ರೆ ರಸ್ತೆಗೇ ಪೆಂಡಾಲ್ ಹಾಕಿ ಊರಿಗೆ ಊರೇ ಕೂತು ಕೇಳೋದು. ಇವು ಬಿಟ್ರೆ ಬಡಾವಣೆಗೊಂದು ರಾಮಮಂದಿರ, ಭಜನೆ ಮನೆ, ರಾಯರ ಮಠ, ಅಲ್ಲಿ ಪ್ರವೇಶ ಉಚಿತ, ಪಾನಕ ಕೋಸಂಬರಿನೂ ಉಚಿತ, ದುಡ್ಡು ಬರೋದು ರಸೀತಿ ಪುಸ್ತಕ ಹಿಡ್ಕೊಂಡು ಮನೆಮನೆಗೆ ಹೋಗೋ ನಮ್ಮಂಥೋರಿಂದ. ನಿಮ್ಮ ಮಗಳನ್ನ ಕರೆದಿರೋರು ಇವೆರಡರಲ್ಲಿ ಯಾವ ಜಾತಿ ಅಂತ ನೋಡ್ಕೊಳಿ.

ಆಮೇಲೆ ದತ್ತಿ ಕಛೇರಿ ಅಂತೊಂದಿದೆ. ಯಾರೋ ತಮ್ಮ ತಂದೆ ತಾಯಿ ನೆನಪಿಗೆ ಸಮಿತಿಗೆ ಒಂದಷ್ಟು ದುಡ್ಡು ಕೊಟ್ಟಿರ್ತಾರೆ, ಅದನ್ನ ಎಫ್‌ಡಿ ಇಟ್ಟು ಅದರ ಬಡ್ಡಿಲಿ ವರ್ಷಕ್ಕೊಂದು ಕಛೇರಿ. ಇಪ್ಪತ್ತೈದು ವರ್ಷದ ಹಿಂದೆ ಬಡ್ಡಿ ಚೆನ್ನಾಗಿತ್ತು, 50 ಸಾವಿರ ಇಟ್ರೆ ಒಂದು ಒಳ್ಳೆ ಕಛೇರಿ ಆಗ್ತಿತ್ತು. ಈಗ ಅದೇ 50 ಸಾವಿರಕ್ಕೆ ವರ್ಷಕ್ಕೆ 7 ಪರ್ಸೆಂಟ್ ಅಂದ್ರೂ ಮೂರೂವರೆ ಸಾವಿರ, ಅದರಲ್ಲಿ ಒಬ್ಬ ಪಿಟೀಲಿನೋರಿಗೆ ಕೊಡೋದೇ ಕಷ್ಟ. ದತ್ತಿ ಕೊಟ್ಟೋರ ಮಕ್ಕಳು ಅಮೆರಿಕದಲ್ಲಿರ್ತಾರೆ, ಇನ್ನೊಂದಿಷ್ಟು ಹಾಕಿ ಅಂತ ಕೇಳೋಕೆ ಸೆಕ್ರೆಟರಿಗೆ ಸಂಕೋಚ, ಬ್ಯಾನರ್ ಮೇಲೆ ಹೆಸರು ಮಾತ್ರ ಹಾಕ್ಲೇಬೇಕು. ಹೀಗೆ ವರ್ಷ ವರ್ಷ ರೇಟು ಏರದೇ ಅಲ್ಲೇ ನಿಂತಿರೋ ಕಛೇರಿಗಳು ಬೇಕಾದಷ್ಟಿವೆ, ಯಾರೂ ಮೋಸ ಮಾಡ್ತಿರಲ್ಲ, ಬಡ್ಡಿನೇ ಅಷ್ಟು. ಕರೆದೋರನ್ನ "ಇದು ದತ್ತಿ ಕಛೇರಿನಾ?" ಅಂತ ಕೇಳಿ, ಹೌದು ಅಂದ್ರೆ ಅಲ್ಲಿ ಎಳೆದಾಡಿ ಪ್ರಯೋಜನ ಇಲ್ಲ.

ಖರ್ಚಿನ ಕಡೆ ನೋಡಿದ್ರೆ ಪೆಂಡಾಲ್, ಮೈಕ್‌ಸೆಟ್, ಜನರೇಟರ್, ಆಹ್ವಾನ ಪತ್ರಿಕೆ, ಪ್ರಸಾದ, ಹೊರಗಿನಿಂದ ಬರೋರಿಗೆ ರೂಮು ಕಾರು. ಇದೆಲ್ಲ ಕಳೆದು ಉಳಿದದ್ದರಲ್ಲಿ ಸಿಂಹಪಾಲು ಹೋಗೋದು ಒಂದೆರಡು ಸ್ಟಾರ್ ಕಛೇರಿಗೆ. ಮೇಲಿನ ಸಾಲಿನೋರು ಒಂದು ಕಛೇರಿಗೆ ಲಕ್ಷಗಳಲ್ಲೇ ತಗೊಳೋದು. ಅದರ ಬಗ್ಗೆ ಹೊಟ್ಟೆ ಉರ್ಕೊಳೋದು ಸುಲಭ, ಆದ್ರೆ ಸಮಿತಿಲಿ ಕೂತು ನೋಡಿದೋನಾಗಿ ಹೇಳ್ತೀನಿ, ಆ ಒಂದು ಹೆಸರು ಪತ್ರಿಕೆಲಿ ಇದ್ರೇನೇ ಪ್ರಾಯೋಜಕರು ಫೋನ್ ಎತ್ತೋದು. ವಾರದ ನಡುವೆ ಮಂಗಳವಾರ ಬುಧವಾರ ಸಂಜೆ ಕಿರಿಯರಿಗೆ ಸಿಗೋ ಸ್ಲಾಟು ಆ ಶನಿವಾರದ ಸ್ಟಾರ್ ಕಛೇರಿಯ ಬೆನ್ನ ಮೇಲೆ ಕೂತೇ ಬರೋದು. ಹಾಗಂತ ಕಿರಿಯರಿಗೆ ಕಮ್ಮಿ ಕೊಡೋದೆಲ್ಲ ಸರಿ ಅಂತಲ್ಲ.

ಈಗ ನಿಮ್ಮ 12 ಸಾವಿರ. ಕೇಳೋಕೆ ಪರವಾಗಿಲ್ಲ ಅನ್ಸತ್ತೆ ಅಲ್ವಾ? ಬನ್ನಿ ಬಿಡಿಸಿ ನೋಡೋಣ, ಇದು ನನ್ನ ಅಂದಾಜು, ನಿಮ್ಮೂರಿನ ರೇಟು ಹಾಕ್ಕೊಂಡು ನೀವೇ ತಿದ್ಕೊಳಿ. ಪಿಟೀಲಿಗೆ 3 ಸಾವಿರ, ಮೃದಂಗಕ್ಕೆ 3 ಸಾವಿರ, ಘಟನೋ ಖಂಜಿರನೋ ಒಂದು ಉಪಪಕ್ಕವಾದ್ಯ ಇದ್ರೆ 2 ಸಾವಿರ, ಅಲ್ಲಿಗೆ 8 ಹೋಯ್ತು, ಮಗಳಿಗೆ ಉಳಿದಿದ್ದು 4. ಹಾಸನದಿಂದ ಬೆಂಗಳೂರಿಗೆ ಹೋಗಿ ಬರೋಕೆ 370 ಕಿಲೋಮೀಟರ್ ಹತ್ರ, ಟ್ಯಾಕ್ಸಿ ಮಾಡಿದ್ರೆ ಕಿಲೋಮೀಟರಿಗೆ 13 ರೂಪಾಯಿ ಅಂದ್ರೂ 4,800, ಟೋಲು, ಡ್ರೈವರ್ ಬಾಟಾ ಬೇರೆ. ಮೂಗಿಗಿಂತ ಮೂಗುತಿ ಭಾರ. ನೀವು ಕೈಯಿಂದ ದುಡ್ಡು ಹಾಕಿ ಹಾಡಿಸಿದ ಹಾಗಾಯ್ತು, ಅದಕ್ಕೆ ಮೇಲೆ ಒಂದು ಶಾಲು, ಒಂದು ಹಾರ, ಫಲತಾಂಬೂಲದ ಚೀಲ. (ಶಾಲುಗಳ ಬಗ್ಗೆ ಹೇಳೋದೇ ಬೇಡ, ನಮ್ಮ ಮನೆ ಬೀರುಲಿ ಬಟ್ಟೆಗಿಂತ ಅವೇ ಜಾಸ್ತಿ ಇವೆ, ಬೆಂಗಳೂರು ಬಿಸಿಲಲ್ಲಿ ಯಾರು ಹೊದ್ಕೋತಾರೋ.)

ಅದಕ್ಕೆ ನೀವು ಕೇಳಬೇಕಾಗಿರೋ ಮೊದಲನೇ ಪ್ರಶ್ನೆ "ಎಷ್ಟು" ಅಂತಲ್ಲ, "ಪಕ್ಕವಾದ್ಯದೋರಿಗೆ ನೀವೇ ಕೊಡ್ತೀರಾ, ನಾವು ಕೊಡ್ಬೇಕಾ" ಅಂತ. ಕೆಲವು ಸಂಗೀತ ಸಭೆಗಳಲ್ಲಿ ಪಕ್ಕವಾದ್ಯ ಗೊತ್ತು ಮಾಡೋದು ಅವರೇ, ಕವರ್ ಕೊಡೋದೂ ಅವರೇ, ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ. ಇನ್ನು ಕೆಲವು ಕಡೆ ಎಲ್ಲಾ ಸೇರಿಸಿ ಹಾಡೋರ ಕೈಗೆ ಕೊಟ್ಟು ಕೈ ತೊಳ್ಕೊಂಡುಬಿಡ್ತಾರೆ. ಎರಡನೇದರಲ್ಲಿ ತಾಪತ್ರಯ ಜಾಸ್ತಿ, ಯಾಕಂದ್ರೆ 24-25 ವಯಸ್ಸಿನ ಹುಡುಗಿ ಅರವತ್ತರ ಪಿಟೀಲು ವಿದ್ವಾಂಸರಿಗೆ ದುಡ್ಡು ಎಣಿಸಿ ಕೊಡೋ ಪರಿಸ್ಥಿತಿ ಬರತ್ತೆ, ಅವರು ಬಾಯಿ ಬಿಟ್ಟು ಏನೂ ಅನ್ನಲ್ಲ, ಮುಂದಿನ ಸಲ ಡೇಟ್ ಖಾಲಿ ಇಲ್ಲ ಅಂತಾರೆ ಅಷ್ಟೇ.

ಪಕ್ಕವಾದ್ಯದೋರ ವಿಷಯ ಬಂತು, ನಾನು ಆ ಕಡೆಯವನಾದ್ರಿಂದ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎರಡೂವರೆ ಗಂಟೆ ಕಛೇರಿಲಿ ತನಿ ಆವರ್ತನಕ್ಕೆ, ಅಂದ್ರೆ ಮೃದಂಗದೋರು ಒಬ್ಬರೇ ಬಾರಿಸೋ ಭಾಗಕ್ಕೆ ಸಿಗೋದು ಹತ್ತು ಹನ್ನೆರಡು ನಿಮಿಷ, ಜನ ಎದ್ದು ಕಾಫಿಗೆ ಹೋಗೋದೂ ಆಗಲೇ, ಹಂಗಾಗಿ ಇವರದೇನು ಮಹಾ ಕೆಲಸ ಅಂತ ಕಾಣತ್ತೆ. ಆದ್ರೆ ಗಂಡಸರ ಶ್ರುತಿಗೊಂದು ಹೆಂಗಸರ ಶ್ರುತಿಗೊಂದು ಅಂತ ಮೃದಂಗನೇ ಬೇರೆ ಬೇರೆ ಇಟ್ಕೋಬೇಕು. ನಿಮ್ಮ ಮಗಳು ಐದೋ ಐದೂವರೆನೋ ಮನೆಯ ಎತ್ತರದ ಶ್ರುತಿಲಿ ಹಾಡ್ತಾರೆ ಅಂದ್ರೆ ಅದಕ್ಕೆ ಚಿಕ್ಕ ಮೃದಂಗ, ಮಾರನೇ ದಿನ ಒಂದು ಮನೆಯ ತಗ್ಗಿನ ಶ್ರುತಿಯ ಗಾಯಕರಿದ್ರೆ ದೊಡ್ಡದು. ಸೀಸನ್‌ನಲ್ಲಿ ದಿನಾ ಬಾರಿಸಿದ್ರೆ ಬಲಗಡೆ ಕರಣೆ (ನಡುವಿನ ಕಪ್ಪು ಲೇಪ) ಎದ್ದು ಬರತ್ತೆ, ಮುಚ್ಚಿಗೆ (ಚರ್ಮದ ಹೊದಿಕೆ) ಹೊಸದು ಹಾಕಿಸ್ಬೇಕು, ಅದು ಚೆನ್ನಾಗಿ ಮಾಡೋರು ಕೈಬೆರಳಲ್ಲಿ ಎಣಿಸೋಷ್ಟು ಜನ, ಅವರಿಗೂ ಅದೇ ತಿಂಗಳಲ್ಲಿ ಎಲ್ಲರದ್ದೂ ಕೆಲಸ. ಆಟೋದಲ್ಲಿ ಮೃದಂಗ ಕಾಲ ಮಧ್ಯೆ ಇಟ್ಕೊಂಡು ರಾಜಾಜಿನಗರದಿಂದ ಜಯನಗರಕ್ಕೆ ಸಂಜೆ ಐದರ ಟ್ರಾಫಿಕ್‌ನಲ್ಲಿ ಹೋದ್ರೆ ಹೋಗ್ತಾನೇ ನಾನೂರು ರೂಪಾಯಿ ಖಲಾಸ್. ದಯವಿಟ್ಟು ನಿಮ್ಮ ಪಾಲು ಜಾಸ್ತಿ ಮಾಡ್ಕೊಳೋಕೆ ಪಕ್ಕವಾದ್ಯದೋರ ಪಾಲು ಕಡಿಮೆ ಮಾಡೋ ದಾರಿ ಹಿಡೀಬೇಡಿ. ಬೇಕಾದ್ರೆ ಉಪಪಕ್ಕವಾದ್ಯ ಬಿಡಿ, ಪಿಟೀಲು ಮೃದಂಗ ಇದ್ರೆ ಕಛೇರಿ ತುಂಬಿರತ್ತೆ.

ಹಾಗಾದ್ರೆ ಎಷ್ಟು ಕೇಳೋದು? ಬಿ-ಹೈ ಆಗಿರೋ, ಸ್ಥಳೀಯವಾಗಿ ಸ್ವಲ್ಪ ಹೆಸರಿರೋ ಹುಡುಗಿಗೆ ಬಡಾವಣೆ ಉತ್ಸವದಲ್ಲಿ ಪಕ್ಕವಾದ್ಯ ಬಿಟ್ಟು ತನ್ನ ಕೈಗೇ 5 ಸಾವಿರದಿಂದ 8 ಸಾವಿರ ಕೇಳೋದು ದುರಾಸೆ ಅಲ್ಲ ಅಂತ ನನ್ನ ಅಭಿಪ್ರಾಯ, ಪ್ರಯಾಣ ಬೇರೆ. ಕೊಡ್ತಾರೆ ಅಂತ ಗ್ಯಾರಂಟಿ ಇಲ್ಲ. 12ರೋರಿಗೆ "ಪಕ್ಕವಾದ್ಯ ನಿಮ್ಮದೇ ಇರಲಿ, ಬೆಂಗಳೂರಿನೋರನ್ನೇ ಹಾಕಿ, ಮಗಳಿಗೆ 5, ಹಾಸನದಿಂದ ಬರೋ ಹೋಗೋ ಖರ್ಚು ಬೇರೆ" ಅಂತ ಕೇಳಿ ನೋಡಿ. ಪ್ರಯಾಣಕ್ಕೆ ಒಪ್ಪಲಿಲ್ಲ ಅಂದ್ರೆ ಇನ್ನೊಂದು ದಾರಿ ಇದೆ, ದೊಡ್ಡೋರೂ ಅದನ್ನೇ ಮಾಡೋದು. ಫಾರಿನ್‌ನಲ್ಲಿ ದೊಡ್ಡ ಫೆಸ್ಟಿವಲ್‌ನೋರು ನಮ್ಮಲ್ಲಿ ಹಾಡೋಕೆ ಮುಂಚೆ ನಂತರ ಇಷ್ಟು ತಿಂಗಳು ಇಷ್ಟು ಮೈಲಿ ಒಳಗೆ ಬೇರೆಲ್ಲೂ ಹಾಡಬಾರದು ಅಂತ ಕಾಂಟ್ರ್ಯಾಕ್ಟಲ್ಲಿ ಕಟ್ಟಿಹಾಕ್ತಾರೆ, ದುಡ್ಡು ಜಾಸ್ತಿ ಕೊಡೋದು ಅದಕ್ಕೂ ಸೇರಿಸೇ. ರಾಮನವಮಿಲಿ ಉಲ್ಟಾ, ಚೆನ್ನೈನಿಂದ ಬಂದೋರು ಇವತ್ತು ಕೋಟೆ, ನಾಳೆ ಮಲ್ಲೇಶ್ವರ, ನಾಡಿದ್ದು ರಾಜಾಜಿನಗರ ಅಂತ ಒಂದೇ ವಾರದಲ್ಲಿ ಮೂರು ನಾಲ್ಕು ಕಡೆ ಮುಗಿಸ್ಕೊಂಡು ಹೋಗ್ತಾರೆ, ಒಂದು ಪ್ರಯಾಣದ ಖರ್ಚು ಎಲ್ಲಾ ಕಡೆಗೂ ಹಂಚಿಹೋಗತ್ತೆ. ನಿಮಗೆ ಹೇಗೂ ಎರಡು ಕರೆ ಬಂದಿದೆ, ಎರಡನ್ನೂ ಅಕ್ಕಪಕ್ಕದ ದಿನಕ್ಕೆ ಹಾಕಿಸ್ಕೊಳಿ, ಒಂದು ರಾತ್ರಿ ನೆಂಟರ ಮನೆಲಿ ಉಳಿದ್ರೆ ಆಯ್ತು. ಮೂರನೇದು ಸಿಗತ್ತಾ ಅಂತ ಅದೇ ಪಿಟೀಲಿನೋರನ್ನ ಕೇಳಿ, ಯಾವ ಪೆಂಡಾಲಲ್ಲಿ ಯಾವ ದಿನ ಖಾಲಿ ಅನ್ನೋದು ಸೆಕ್ರೆಟರಿಗಿಂತ ಮೊದ್ಲು ಅವರಿಗೆ ಗೊತ್ತಿರತ್ತೆ.

"ಆಮೇಲೆ ನೋಡೋಣ" ಅಂದೋರ ಬಗ್ಗೆ. ನಮ್ಮಲ್ಲಿ ದುಡ್ಡಿನ ಮಾತೆತ್ತೋದು ಅಂದ್ರೆ ಏನೋ ಅಪರಾಧ ಅನ್ನೋ ಥರ ಇದೆ, ಆ ಸಂಕೋಚನೇ ಅವರ ಬಂಡವಾಳ. ಕೊನೆಗೆ ಸಿಗೋದು ಅರಿಶಿನ ಕುಂಕುಮ ಹಚ್ಚಿದ ಕವರ್, ಒಳಗೆ 1,001. ಅದನ್ನ ವೇದಿಕೆ ಮೇಲೆ ಎಲ್ಲರೆದುರಿಗೆ ಕೊಡ್ತಾರೆ, ಅಲ್ಲಿ ಬಿಚ್ಚಿ ನೋಡೋ ಹಾಗಿಲ್ಲ, ಕಾರಲ್ಲಿ ಕೂತಮೇಲೇ ಗೊತ್ತಾಗೋದು. ಅದಕ್ಕೆ ಫೋನ್‌ನಲ್ಲಿ ಜಗಳ ಬೇಡ, ವಾಟ್ಸಾಪಲ್ಲಿ ಒಂದು ಮೆಸೇಜ್ ಸಾಕು: "ನಮಸ್ಕಾರ ಸರ್, ಡೇಟ್ ಇಟ್ಕೊಂಡಿದೀವಿ. ಕಾರ್ಯಕ್ರಮ ಎಷ್ಟು ಗಂಟೆ, ಪಕ್ಕವಾದ್ಯ ಯಾರು, ಸಂಭಾವನೆ ಎಷ್ಟು ಅಂತ ತಿಳಿಸಿದ್ರೆ ಕನ್ಫರ್ಮ್ ಮಾಡ್ತೀವಿ." ಒಳ್ಳೆ ಸಮಿತಿನೋರು ಇದಕ್ಕೆ ಬೇಜಾರು ಮಾಡ್ಕೊಳಲ್ಲ, ನಾವಂತೂ ಮಾಡ್ಕೊಳಲ್ಲ, ಯಾಕಂದ್ರೆ ನಮಗೂ ಬಜೆಟ್ ಬರ್ಕೊಳೋಕೆ ಬೇಕಲ್ಲ. ಒಂದು ವಾರ ಉತ್ತರ ಬರಲಿಲ್ಲ ಅಂದ್ರೆ ಅದೇ ಉತ್ತರ.

ಅಲ್ಲಿಂದ "ಇದು ರಾಮನ ಸೇವೆ ಅಮ್ಮಾ" ಅಂತ ಬಂದ್ರೆ? ಸೇವೆ ಅಂತ ಹಾಡೋದು ನಮ್ಮ ಸಂಪ್ರದಾಯದಲ್ಲಿ ಖಂಡಿತಾ ಇದೆ, ನಾನು ಅದನ್ನ ಹಗುರ ಮಾಡಲ್ಲ. ತಿರುವಯ್ಯಾರಿನ ತ್ಯಾಗರಾಜರ ಆರಾಧನೆಲಿ ಎಷ್ಟೇ ದೊಡ್ಡ ವಿದ್ವಾಂಸರಾದ್ರೂ ಸಂಭಾವನೆ ಇಲ್ಲ, ಸ್ವಂತ ಖರ್ಚಲ್ಲಿ ಹೋಗಿ ನೆಲದ ಮೇಲೆ ಕೂತು ಪಂಚರತ್ನ ಕೃತಿ ಹಾಡಿ ಬರ್ತಾರೆ. ಅಲ್ಲಿ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮನವರು ನಮ್ಮ ನಂಜನಗೂಡಿನ ಕಡೆಯವರು, ತಾವು ಹಾಡಿ ದುಡಿದ ದುಡ್ಡನ್ನೇ ಅದಕ್ಕೆ ಸುರಿದ್ರು. ಅದು ಸೇವೆ. ಅಲ್ಲಿ ಚಿಕ್ಕೋರು ದೊಡ್ಡೋರು ಅಂತಿಲ್ಲ, ಎಲ್ಲರಿಗೂ ಸೊನ್ನೆ. ಅದೇ ಶನಿವಾರದ ಸ್ಟಾರ್‌ಗೆ ಲಕ್ಷ, ಮೈಕ್‌ಸೆಟ್‌ನೋರಿಗೆ ಅಡ್ವಾನ್ಸು, ಮಂಗಳವಾರದ ಹುಡುಗಿಗೆ ಮಾತ್ರ ಸೇವೆ ಅಂದ್ರೆ ಅದನ್ನ ನಾನು ಒಪ್ಪಲ್ಲ. ಚಿಕ್ಕ ದೇವಸ್ಥಾನ, ನಿಜವಾಗ್ಲೂ ದುಡ್ಡಿಲ್ಲ, ಅರ್ಚಕರೇ ಜಮಖಾನ ಹಾಸ್ತಿದಾರೆ ಅಂದ್ರೆ ಖುಷಿಯಾಗಿ ಹೋಗಿ ಹಾಡಿ ಬನ್ನಿ, ನಾನೂ ಹೋಗ್ತೀನಿ. ಇದರದೇ ಇನ್ನೊಂದು ರೂಪ "ಎಕ್ಸ್‌ಪೋಷರ್". ಚೆನ್ನೈನ ಡಿಸೆಂಬರ್-ಜನವರಿಯ ಮಾರ್ಗಳಿ ಸಂಗೀತ ಸೀಸನ್‌ನಲ್ಲಿ ಮಧ್ಯಾಹ್ನದ ಸ್ಲಾಟ್ ಸಿಕ್ಕಿದ್ರೆ ಸಂಭಾವನೆ ಹೆಸರಿಗಷ್ಟೇ, ಕೆಲವು ಕಡೆ ದುಡ್ಡು ಕೊಟ್ಟೇ ಸ್ಲಾಟ್ ತಗೋತಾರೆ ಅನ್ನೋದು ಪೇಪರ್‌ಗಳಲ್ಲೂ ಚರ್ಚೆಯಾಗಿರೋ ವಿಷಯ. ಒಂದೆರಡು ಹೆಸರಿರೋ ವೇದಿಕೆಗೆ ಕಮ್ಮಿಗೆ ಹೋಗಿ, ಪರವಾಗಿಲ್ಲ. ದುಡ್ಡು ಕೊಟ್ಟು ಹಾಡೋದು ಮಾತ್ರ ಬೇಡವೇ ಬೇಡ.

ಸರ್ಕಾರಿ ಉತ್ಸವಗಳದ್ದು ಬೇರೆ ಕಥೆ. ಮೈಸೂರು ದಸರಾ, ಹಂಪಿ ಉತ್ಸವ, ಜಿಲ್ಲಾ ಉತ್ಸವಗಳಲ್ಲಿ ಸಂಭಾವನೆ ಖಾಸಗಿ ಪೆಂಡಾಲಿಗಿಂತ ಚೆನ್ನಾಗೇ ಇರತ್ತೆ, ಆದ್ರೆ ಬಿಲ್ ಪಾಸಾಗಿ ಬ್ಯಾಂಕಿಗೆ ಬರೋಷ್ಟರಲ್ಲಿ ಮುಂದಿನ ಹಬ್ಬ ಬಂದಿರತ್ತೆ. ನಾನು ಬಾರಿಸಿದ ಒಂದು ಉತ್ಸವದ ದುಡ್ಡು ಹೀಗೇ ತಿಂಗಳುಗಟ್ಟಲೆ ಫೈಲಲ್ಲಿ ಕೂತಿತ್ತು. ಅರಮನೆ ಮುಂದೆ ಶಾಸ್ತ್ರೀಯ ಕಛೇರಿಗೂ ಯುವ ದಸರಾದ ಸಿನಿಮಾ ಗಾಯಕರಿಗೂ ಕೊಡೋದರಲ್ಲಿ ಅಜಗಜಾಂತರ, ಪ್ರತಿ ವರ್ಷ ಆ ಗಲಾಟೆ ಇದ್ದಿದ್ದೇ. ಮಧ್ಯವರ್ತಿಗಳ ಬಗ್ಗೆ ಹುಷಾರು. 2023ರ ದಸರಾ ಹೊತ್ತಲ್ಲಿ ಸರೋದ್‌ನ ಪಂಡಿತ್ ರಾಜೀವ ತಾರಾನಾಥರ ಹತ್ರನೇ ಕಮಿಷನ್ ಕೇಳಿದ್ರು ಅನ್ನೋ ಆರೋಪ ಬಂದು ದೊಡ್ಡ ಸುದ್ದಿ ಆಯ್ತು. ಅಷ್ಟು ಹಿರಿಯರ ಹೆಸರೇ ಇಂಥ ಸುದ್ದಿಲಿ ಬರತ್ತೆ ಅಂದ್ರೆ ನಿಮ್ಮ ಮಗಳಿಗೂ "ಇಷ್ಟು ಪರ್ಸೆಂಟ್ ನಮಗೆ" ಅಂತ ಫೋನ್ ಬರಬಹುದು. ಬಂದ್ರೆ ಹಾಡೋ ಅವಕಾಶ ಬಿಟ್ರೂ ಪರವಾಗಿಲ್ಲ, ಆ ವ್ಯವಹಾರಕ್ಕೆ ಕೈ ಹಾಕ್ಬೇಡಿ.



ಟ್ಯಾಕ್ಸ್ ವಿಷಯ ಯಾರೂ ಹೇಳಲ್ಲ, ಅದಕ್ಕೆ ಹೇಳ್ತೀನಿ. ಒಂದೇ ಸಂಸ್ಥೆ ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಕೊಟ್ರೆ 10 ಪರ್ಸೆಂಟ್ ಟಿಡಿಎಸ್ (ಕೊಡೋವಾಗಲೇ ಮುರ್ಕೊಳೋ ಆದಾಯ ತೆರಿಗೆ) ಹಿಡೀತಾರೆ, 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30 ಸಾವಿರ ಇತ್ತು. ಪ್ಯಾನ್ ಕೊಡಲಿಲ್ಲ ಅಂದ್ರೆ 20 ಪರ್ಸೆಂಟ್. ಹಿಡಿದ ದುಡ್ಡು ಹೋಗಿಬಿಡ್ತು ಅಂತಲ್ಲ, ರಿಟರ್ನ್ ಹಾಕಿದ್ರೆ ಆದಾಯ ಕಮ್ಮಿ ಇದ್ರೆ ವಾಪಸ್ ಬರತ್ತೆ. ತಂಡದ ದುಡ್ಡು ಪೂರ್ತಿ ಮಗಳ ಅಕೌಂಟಿಗೆ ಬಂದ್ರೆ ಲೆಕ್ಕಕ್ಕೆ ಅದೆಲ್ಲ ಅವಳ ಆದಾಯದ ಥರಾನೇ ಕಾಣತ್ತೆ, ಹಂಗಾಗಿ ಪಕ್ಕವಾದ್ಯದೋರಿಗೆ ಕ್ಯಾಶ್ ಬದಲು ಯುಪಿಐಲಿ ಹಾಕಿ, ಖರ್ಚು ತೋರಿಸೋಕೆ ದಾಖಲೆ ಇರತ್ತೆ. ಜಿಎಸ್‌ಟಿಗೆ ಹೆದರ್ಬೇಡಿ, ಶಾಸ್ತ್ರೀಯ, ಜಾನಪದ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದ ತನಕ ವಿನಾಯಿತಿ ಇದೆ, ಅಲ್ಲಿಗೆ ತಲುಪಿದ ದಿನ ಖುಷಿಯಾಗಿ ಆಡಿಟರ್ ಹತ್ರ ಹೋಗಿ. ಕ್ಯಾಶ್ ಕೊಟ್ಟೋರು ವೋಚರ್‌ಗೆ ಸಹಿ ಹಾಕಿಸ್ಕೋತಾರೆ, 5 ಸಾವಿರ ದಾಟಿದ್ರೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪು ಅಂಟಿಸಿರ್ತಾರೆ. ಮೊತ್ತದ ಜಾಗ ಖಾಲಿ ಇರೋ ವೋಚರ್‌ಗೆ ಮಾತ್ರ ಸಹಿ ಹಾಕೋಕೆ ಬಿಡ್ಬೇಡಿ, ಯಾರೇ ಆಗಿರ್ಲಿ.

ಇನ್ನೊಂದು ಈಗಿನ ಕಾಲದ್ದು, ವಿಡಿಯೋ. ಸುಮಾರು ಸಮಿತಿಗಳು ಕಛೇರಿನ ಯೂಟ್ಯೂಬಲ್ಲಿ ಲೈವ್ ಹಾಕ್ತಾರೆ, ಕೇಳೋದೇ ಇಲ್ಲ. ಕಾಪಿರೈಟ್ ಕಾನೂನಲ್ಲಿ ಪ್ರದರ್ಶಕರ ಹಕ್ಕು ಅಂತ ಇದೆ, ಹಾಡೋರ ಬಾರಿಸೋರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚೋ ಹಾಗಿಲ್ಲ. ನಿಮ್ಮ ಸ್ಥಿತಿಲಿ ಬೇಡ ಅನ್ನೋ ಬದಲು ಅದನ್ನೇ ಚೌಕಾಶಿಗೆ ಇಟ್ಕೊಳಿ: ಲೈವ್ ಹಾಕಿ, ಆದ್ರೆ ಒರಿಜಿನಲ್ ರೆಕಾರ್ಡಿಂಗ್ ನಮಗೂ ಒಂದು ಕಾಪಿ ಕೊಡಿ. ದುಡ್ಡು ಒಂದು ಸಾವಿರ ಕಮ್ಮಿಯಾದ್ರೂ ಮೂರು ಕ್ಯಾಮೆರಾದ ಒಳ್ಳೆ ಆಡಿಯೋ ಇರೋ ಎರಡೂವರೆ ಗಂಟೆ ವಿಡಿಯೋ ಸಿಕ್ಕಿದ್ರೆ ನಷ್ಟ ಇಲ್ಲ, ಮುಂದಿನ ವರ್ಷ ಸೆಕ್ರೆಟರಿಗಳು ಕೇಳೋದೇ "ಒಂದು ಲಿಂಕ್ ಕಳ್ಸಿ" ಅಂತ.

ಕೊನೆಗೆ, ಗ್ರೇಡು. ಖಾಸಗಿ ಸಭೆಗಳಿಗೆ ಆಕಾಶವಾಣಿ ಗ್ರೇಡ್ ಅಷ್ಟೊಂದು ಲೆಕ್ಕಕ್ಕಿಲ್ಲ, ಅವರು ನೋಡೋದು ಜನ ಬರ್ತಾರಾ ಅಂತ. ಆದ್ರೆ ಅರ್ಜಿ ಹಾಕಿ ಅವಕಾಶ ತಗೊಳೋ ಕಡೆಯೆಲ್ಲ ಗ್ರೇಡ್ ಕೇಳ್ತಾರೆ, ಬಿ-ಹೈನಿಂದ ಎ ಗ್ರೇಡ್‌ಗೆ ಹೋದ್ರೆ ವ್ಯತ್ಯಾಸ ಗೊತ್ತಾಗತ್ತೆ, ಅದರ ಆಡಿಷನ್‌ಗೆ ಈಗಿಂದ್ಲೇ ತಯಾರಿ ಮಾಡ್ಕೊಳೋಕೆ ಹೇಳಿ. ಸದ್ಯಕ್ಕೆ ಗ್ರೇಡ್ ಲೆಟರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ಒಂದು ಫೋಟೋ, ಎಂಟ್ಹತ್ತು ಸಾಲಿನ ಪರಿಚಯ ಇಷ್ಟೂ ಒಂದೇ ಪಿಡಿಎಫ್ ಮಾಡಿ ಫೋನಲ್ಲಿ ಇಟ್ಕೊಂಡಿರ್ಲಿ. 12 ಸಾವಿರದೋರಿಗೆ ಇವತ್ತೇ ಫೋನ್ ಮಾಡಿ, ಪತ್ರಿಕೆ ಪ್ರಿಂಟಿಗೆ ಹೋದ್ಮೇಲೆ ಒಂದು ಪೈಸೆನೂ ಬದಲಾಗಲ್ಲ.